ಎನ್‌ಎಂಆರ್ ರೋಹಿತ ನಿರೀಕ್ಷೆಯಂತೆ ಬಾರದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ನ್ಯೂಕ್ಲಿಯಸ್‌ಗಳ ಸಂಕೇತದಿಂದ ಅಣುವಿನ ರಚನೆ ತಿಳಿಯುವ ವಿಧಾನ) ಅಳತೆ ಮಾಡುವವರು ಮಾತಿನ ನಡುವೆ ಕೇಳಿದ, ಪತ್ರಗಳಲ್ಲಿ ಬರೆದು ಕಳಿಸಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಎದುರಾದವುಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಗೂಡಿಸಿದ್ದೇನೆ. ಮೊದಲ ಬಾರಿ ಟ್ಯೂಬ್ ತುಂಬಿಸುವವರಿಗೆ ಬೇಕಾದವು ಮೊದಲಿಗಿವೆ. ಎರಡು ಆಯಾಮದ ಪ್ರಯೋಗಗಳ ತೊಡಕುಗಳು ಕೊನೆಗಿವೆ.

1950ರಲ್ಲಿ ಪ್ರಾಕ್ಟರ್ ಮತ್ತು ಯು ಎಂಬ ಇಬ್ಬರು ಸಂಶೋಧಕರು ಅಮೋನಿಯಂ ನೈಟ್ರೇಟ್ ದ್ರಾವಣದಲ್ಲಿ ನೈಟ್ರೋಜನ್-14ರ ಒಂದೇ ಗೆರೆಯನ್ನು ನಿರೀಕ್ಷಿಸಿದ್ದರು, ಆದರೆ ಎರಡು ಗೆರೆಗಳು ಕಂಡವು. ಒಂದು ಅಮೋನಿಯಂ ಅಯಾನಿನದು, ಇನ್ನೊಂದು ನೈಟ್ರೇಟಿನದು. ಇಂದು ನಾವು ನಿತ್ಯ ಬಳಸುವ ಕೆಮಿಕಲ್ ಶಿಫ್ಟ್, ಅಂದರೆ ನ್ಯೂಕ್ಲಿಯಸ್‌ನ ಸುತ್ತಲಿನ ಪರಿಸರಕ್ಕೆ ತಕ್ಕಂತೆ ಗೆರೆಯ ಸ್ಥಾನ ಸರಿಯುವುದು, ಹಾಗೆ ಬೆಳಕಿಗೆ ಬಂದಿತು. ಆದ್ದರಿಂದ ಬೇಡದ ಗೆರೆಯೊಂದು ಕಂಡಾಗ ಅದರ ಕಾರಣವನ್ನು ಊಹಿಸುತ್ತ ಕೂರದೆ, ಅಳತೆಯಲ್ಲಿ ಯಾವುದಾದರೂ ಒಂದನ್ನು, ಒಂದನ್ನು ಮಾತ್ರ, ಬದಲಿಸಿ ಆ ಗೆರೆ ಏನು ಮಾಡುತ್ತದೆಂದು ನೋಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಏನನ್ನು ಬದಲಿಸಬೇಕು ಎಂಬುದನ್ನೇ ಹೇಳುತ್ತವೆ.

## ಸ್ಯಾಂಪಲ್ ಮತ್ತು ದ್ರಾವಕ

ನನ್ನ ಅಣುವಿನಲ್ಲಿ ಇರಲು ಸಾಧ್ಯವೇ ಇಲ್ಲದ ಪೀಕ್‌ಗಳು ಕಾಣುತ್ತಿವೆ. ಸಂಯುಕ್ತ ಕೆಟ್ಟುಹೋಗಿದೆಯೇ?

ಹಾಗೆಂದು ತೀರ್ಮಾನಿಸುವ ಮುನ್ನ, ಶುದ್ಧೀಕರಣದಲ್ಲಿ ನೀವು ಬಳಸಿದ ದ್ರಾವಕಗಳ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡ್ಯೂಟರೇಟೆಡ್ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ) ಕ್ಲೋರೋಫಾರ್ಮಿನಲ್ಲಿ ಈಥೈಲ್ ಅಸಿಟೇಟ್ 1.26ರಲ್ಲಿ ಟ್ರಿಪ್ಲೆಟ್ (ಮೂರು ಗೆರೆ), 2.05ರಲ್ಲಿ ಸಿಂಗ್ಲೆಟ್ (ಒಂದೇ ಗೆರೆ), 4.12 ಪಿಪಿಎಂನಲ್ಲಿ (ಶಿಫ್ಟ್ ಅಳೆಯುವ ಮಾನ, ಹತ್ತು ಲಕ್ಷದಲ್ಲೊಂದು ಭಾಗ) ಕ್ವಾರ್ಟೆಟ್ (ನಾಲ್ಕು ಗೆರೆ) ಕೊಡುತ್ತದೆ. ಡೈಕ್ಲೋರೋಮೀಥೇನ್ 5.30ರಲ್ಲಿ, ಅಸಿಟೋನ್ 2.17ರಲ್ಲಿ ಬರುತ್ತದೆ. ಡೈಈಥೈಲ್ ಈಥರ್ 1.21 ಮತ್ತು 3.48ರಲ್ಲಿ ಕಾಣುತ್ತದೆ. ಗಾಜಿನ ಕೀಲುಗಳಿಗೆ ಹಚ್ಚುವ ಸಿಲಿಕೋನ್ ಗ್ರೀಸ್ 0.07ರ ಬಳಿ ಒಂದು ಚೂಪಾದ ಗೆರೆಯಾಗಿ ಬರುತ್ತದೆ. ಹೈಡ್ರೋಕಾರ್ಬನ್ ಗ್ರೀಸ್ 0.86 ಮತ್ತು 1.26ರ ಬಳಿ ಹರಡಿಕೊಂಡಿರುತ್ತದೆ.

ಒಮ್ಮೆ ಎಸ್ಟರ್ ಒಂದನ್ನು ತಯಾರಿಸಿದ್ದಾಗ, ಅದರದೇ ಈಥೈಲ್ ಗುಂಪಿನ ಪಕ್ಕದಲ್ಲಿ ಇನ್ನೊಂದು ಈಥೈಲ್ ಗುಂಪು ಕಂಡು, ಅಡ್ಡ ಉತ್ಪನ್ನವೊಂದು ಹುಟ್ಟಿದೆಯೆಂದು ನಂಬಿ ಎರಡು ದಿನ ಅದರ ರಚನೆಯನ್ನು ಬಿಡಿಸುತ್ತ ಕುಳಿತಿದ್ದೆ. ಮೂರನೆಯ ದಿನ ಆ ಮೂರು ಪೀಕ್‌ಗಳ ಇಂಟಿಗ್ರಲ್‌ಗಳನ್ನು (ಪ್ರೋಟಾನುಗಳ ಎಣಿಕೆ ಸೂಚಿಸುವ ಪೀಕಿನ ವಿಸ್ತೀರ್ಣ) ಒಟ್ಟಿಗೆ ಇಟ್ಟು ನೋಡಿದಾಗ ಅವು 3:3:2 ಅನುಪಾತದಲ್ಲಿದ್ದವು. ಅದು ಕಾಲಮ್‌ನಿಂದ ಉಳಿದ ಈಥೈಲ್ ಅಸಿಟೇಟ್ ಆಗಿತ್ತು. ಸ್ಯಾಂಪಲ್ಲನ್ನು ಮತ್ತೆ ನಿರ್ವಾತದಲ್ಲಿ ಒಣಗಿಸಿ ಅಳೆದಾಗ ಮೂರೂ ಒಟ್ಟಿಗೆ ಕುಗ್ಗಿದವು. ಹೀಗೆ ಜೊತೆಯಾಗಿ ಕುಗ್ಗುವ ಪೀಕ್‌ಗಳು ಒಂದೇ ವಸ್ತುವಿನವು ಎನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ. ಇಷ್ಟಾದರೂ ಅನುಮಾನ ಉಳಿದರೆ, ಅದೇ ಬಾಟಲಿಯ ದ್ರಾವಕವನ್ನು ಮಾತ್ರ ಅದೇ ಬಗೆಯ ಟ್ಯೂಬಿಗೆ ತುಂಬಿ ಒಂದು ಖಾಲಿ ರೋಹಿತ ತೆಗೆಯಿರಿ.

ನೀರಿನ ಪೀಕ್ ಒಂದೊಂದು ಸಲ ಒಂದೊಂದು ಕಡೆ ಬರುತ್ತದೆ. ಇದು ಸರಿಯೇ?

ಸರಿಯೇ. ನೀರಿನ ಸ್ಥಾನವನ್ನು ಹೈಡ್ರೋಜನ್ ಬಂಧ ನಿರ್ಧರಿಸುತ್ತದೆ. ಹೀಗಾಗಿ ಅದು ಕ್ಲೋರೋಫಾರ್ಮಿನಲ್ಲಿ 1.56ರಲ್ಲೂ, ಅಸಿಟೋನಿನಲ್ಲಿ 2.84ರಲ್ಲೂ, ಡಿಎಂಎಸ್‌ಒದಲ್ಲಿ (ಡೈಮೀಥೈಲ್ ಸಲ್ಫಾಕ್ಸೈಡ್) 3.33ರಲ್ಲೂ, ಭಾರಜಲದಲ್ಲಿ ಉಳಿದ ಪ್ರೋಟಾನುಗಳ ಪೀಕ್ ಆಗಿ 4.79ರ ಬಳಿಯೂ ಕಾಣುತ್ತದೆ. ಭಾರಜಲದಲ್ಲಿ ಉಷ್ಣತೆ ಒಂದು ಡಿಗ್ರಿ ಏರಿದರೆ ಈ ಪೀಕ್ ಸುಮಾರು 0.01 ಪಿಪಿಎಂನಷ್ಟು ಕೆಳಗಿಳಿಯುತ್ತದೆ. ಆದ್ದರಿಂದ ಬೇರೆ ಬೇರೆ ಉಷ್ಣತೆಯಲ್ಲಿ ತೆಗೆದ ರೋಹಿತಗಳನ್ನು ಹೋಲಿಸುವಾಗ ನೀರನ್ನು ಶೂನ್ಯ ಸರಿಪಡಿಸುವ ಗುರುತಾಗಿ ಬಳಸಬೇಡಿ.

ಎಲ್ಲ ಪೀಕ್‌ಗಳೂ ಒಂದೇ ಪ್ರಮಾಣದಲ್ಲಿ ಸರಿದು ಕುಳಿತಿವೆ. ಏನಾಗಿದೆ?

ಲಾಕ್ ಮಾಡುವಾಗ ದ್ರಾವಕದ ಹೆಸರು ತಪ್ಪಾಗಿರುತ್ತದೆ. ಉಪಕರಣವು ದ್ರಾವಕದ ಡ್ಯೂಟೀರಿಯಂ ಸಂಕೇತವನ್ನು ಹಿಡಿದು ಕಾಂತಕ್ಷೇತ್ರವನ್ನು ಸ್ಥಿರವಾಗಿಡುತ್ತದೆ. ಆ ಸಂಕೇತ ಎಷ್ಟು ಪಿಪಿಎಂನದು ಎಂಬುದನ್ನು ಅದಕ್ಕೆ ತಿಳಿಸುವವರು ನೀವು. ಕ್ಲೋರೋಫಾರ್ಮ್ ಇರುವ ಟ್ಯೂಬಿಗೆ ಡಿಎಂಎಸ್‌ಒ ಎಂದು ನಮೂದಿಸಿದರೆ 7.26 ಮತ್ತು 2.50ರ ನಡುವಿನ ಅಂತರ, ಅಂದರೆ ಸುಮಾರು 4.8 ಪಿಪಿಎಂ, ಎಲ್ಲ ಪೀಕ್‌ಗಳಿಗೂ ತಗಲುತ್ತದೆ. ಉಳಿಕೆ ದ್ರಾವಕದ ಪೀಕ್ ಅಥವಾ ಟಿಎಂಎಸ್ (ಶೂನ್ಯ ಪಿಪಿಎಂ ಗುರುತಾದ ಟೆಟ್ರಾಮೀಥೈಲ್‌ಸಿಲೇನ್) ಅನ್ನು ಹಿಡಿದು ಅಕ್ಷವನ್ನು ಆಮೇಲೆ ಸರಿಪಡಿಸಬಹುದು. ಆದರೆ ಕಿಟಕಿಯ (ಅಳೆಯುವ ವ್ಯಾಪ್ತಿಯ) ಹೊರಗೆ ಹೋಗಿಬಿಟ್ಟ ಪೀಕ್‌ಗಳನ್ನು ಮರಳಿ ಪಡೆಯಲಾಗದು. ಅಂಥಲ್ಲಿ ಮತ್ತೆ ಅಳೆಯುವುದೇ ದಾರಿ.

ಒ-ಎಚ್ ಪೀಕ್ ಕಾಣುತ್ತಲೇ ಇಲ್ಲ.

ಮೆಥನಾಲ್-ಡಿ4 ಅಥವಾ ಭಾರಜಲ ಬಳಸಿದ್ದರೆ ಅದು ಡ್ಯೂಟೀರಿಯಂ ಜೊತೆ ವಿನಿಮಯವಾಗಿ ಹೋಗಿದೆ. ಕ್ಲೋರೋಫಾರ್ಮಿನಲ್ಲಿ ಆಮ್ಲದ ಅಥವಾ ನೀರಿನ ಲೇಶದಿಂದ ಅದು ಹರಡಿ ತಳಗೆರೆಯಲ್ಲಿ ಮುಳುಗಿರಬಹುದು. ಒಣ ಡಿಎಂಎಸ್‌ಒದಲ್ಲಿ ಅಳೆದರೆ ವಿನಿಮಯ ನಿಧಾನವಾಗುವುದರಿಂದ ಒ-ಎಚ್ ಚೂಪಾಗುವುದಷ್ಟೇ ಅಲ್ಲ, ಪಕ್ಕದ ಪ್ರೋಟಾನುಗಳೊಂದಿಗಿನ ಕಪ್ಲಿಂಗ್ (ಒಂದು ನ್ಯೂಕ್ಲಿಯಸ್ ಇನ್ನೊಂದರ ಗೆರೆಯನ್ನು ಸೀಳುವುದು) ಕೂಡ ಸಾಮಾನ್ಯವಾಗಿ ಕಾಣುತ್ತದೆ.

## ಗೆರೆಯ ಆಕಾರ

ಪೀಕ್‌ಗಳೆಲ್ಲ ಅಗಲವಾಗಿವೆ. ಶಿಮ್ (ಕಾಂತಕ್ಷೇತ್ರವನ್ನು ಏಕರೂಪವಾಗಿಸುವ ಹೊಂದಾಣಿಕೆ) ಸರಿಯಿಲ್ಲವೋ, ಸ್ಯಾಂಪಲ್ ಸರಿಯಿಲ್ಲವೋ ಹೇಗೆ ತಿಳಿಯಲಿ?

ದ್ರಾವಕದ ಪೀಕ್ ಅಥವಾ ಟಿಎಂಎಸ್ ಅನ್ನು ಹಿಗ್ಗಿಸಿ ನೋಡಿ. ಈ ಒಂದು ನೋಟ ಬಹಳಷ್ಟು ಸಮಯ ಉಳಿಸುತ್ತದೆ. ಅದೂ ಅಗಲವಾಗಿದ್ದು, ನಿಮ್ಮ ಸಂಯುಕ್ತದ ಪೀಕ್‌ಗಳ ಅಂದಗೆಟ್ಟ ಆಕಾರವೇ ಅದರಲ್ಲೂ ಇದ್ದರೆ, ದೋಷ ಕಾಂತಕ್ಷೇತ್ರದ ಏಕರೂಪತೆಯಲ್ಲಿದೆ. ದ್ರಾವಕ ಚೂಪಾಗಿದ್ದು ನಿಮ್ಮ ಪೀಕ್‌ಗಳು ಮಾತ್ರ ಅಗಲವಾಗಿದ್ದರೆ, ಉಪಕರಣವನ್ನು ಅದರ ಪಾಡಿಗೆ ಬಿಟ್ಟು ರಸಾಯನವನ್ನು ನೋಡಿ.

ಮೊದಲನೆಯ ಸಂದರ್ಭದಲ್ಲಿ ಟ್ಯೂಬನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. 5 ಮಿಲಿಮೀಟರ್ ಟ್ಯೂಬಿನಲ್ಲಿ ದ್ರಾವಣ ಸುಮಾರು 0.5ರಿಂದ 0.6 ಮಿಲಿಲೀಟರ್, ಅಂದರೆ 4ರಿಂದ 5 ಸೆಂಟಿಮೀಟರ್ ಎತ್ತರ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ದ್ರಾವಣದ ತುದಿ ಕಾಯಿಲ್‌ಗೆ ತೀರ ಸಮೀಪವಾಗಿ, ಅಲ್ಲಿನ ಕ್ಷೇತ್ರದ ಏರುಪೇರನ್ನು ಶಿಮ್‌ಗಳು ಸರಿದೂಗಿಸಲಾರವು. ಕರಗದ ಕಣಗಳು ತೇಲುತ್ತಿದ್ದರೆ ಹತ್ತಿಯ ಸಣ್ಣ ತುಣುಕನ್ನು ಪಿಪೆಟ್‌ನೊಳಗೆ ತುರುಕಿ ಸೋಸಿ. ಇವೆರಡೂ ಸರಿಯಿದ್ದರೆ ಶಿಮ್‌ಗೆ ಬನ್ನಿ. ಪೀಕ್ ಒಂದು ಬದಿಗೆ ಮಾತ್ರ ಬಾಲ ಬಿಟ್ಟಿದ್ದರೆ ಝಡ್2 ಅಥವಾ ಝಡ್4 (ಟ್ಯೂಬಿನ ಉದ್ದಕ್ಕೆ ಕ್ಷೇತ್ರ ಸರಿಪಡಿಸುವ ಶಿಮ್‌ಗಳು), ಎರಡೂ ಬದಿಗೆ ಸಮನಾಗಿ ಹರಡಿದ್ದರೆ ಝಡ್1 ಅಥವಾ ಝಡ್3 ತಪ್ಪಿರುವ ಸಾಧ್ಯತೆ ಹೆಚ್ಚು. ಹಾಳಾದ ಶಿಮ್ ಮೌಲ್ಯಗಳ ಮೇಲೆಯೇ ಗಂಟೆಗಟ್ಟಲೆ ತಿದ್ದುವ ಬದಲು, ಉಳಿಸಿಟ್ಟ ಒಳ್ಳೆಯ ಶಿಮ್ ಕಡತವನ್ನು ಮತ್ತೆ ತುಂಬಿ ಅಲ್ಲಿಂದ ಆರಂಭಿಸುವುದು ಲೇಸು.

ಎರಡನೆಯ ಸಂದರ್ಭದಲ್ಲಿ ಕಾರಣಗಳು ಹಲವು. ತಾಮ್ರ, ಮ್ಯಾಂಗನೀಸ್, ಕಬ್ಬಿಣದಂಥ ಲೋಹಗಳ ಅನುಕಾಂತೀಯ ಅಯಾನುಗಳು ಲೇಶಮಾತ್ರ ಉಳಿದಿದ್ದರೂ, ಅವುಗಳ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಹತ್ತಿರದ ನ್ಯೂಕ್ಲಿಯಸ್‌ಗಳನ್ನು ಬಲು ಬೇಗ ರಿಲ್ಯಾಕ್ಸ್ ಮಾಡಿಸಿ (ಮೂಲ ಸ್ಥಿತಿಗೆ ಮರಳಿಸಿ) ಗೆರೆಯನ್ನು ಅಗಲಿಸುತ್ತವೆ. ಲೋಹವನ್ನು ಹಿಡಿದಿಡುವ ಸಾರಜನಕದ ಪಕ್ಕದ ಪೀಕ್‌ಗಳು ಮೊದಲು ಮಾಯವಾಗುವುದು ಇದರ ಕುರುಹು. ಅಣುಗಳು ಒಂದಕ್ಕೊಂದು ಅಂಟಿ ಗುಂಪಾಗಿದ್ದರೆ, ದ್ರಾವಣವನ್ನು ಐದು ಪಟ್ಟು ತೆಳುವಾಗಿಸಿದಾಗ ಗೆರೆ ಚೂಪಾಗುತ್ತದೆ. ಉಷ್ಣತೆ ಬದಲಿಸಿದಾಗ ಗೆರೆಯ ಅಗಲ ಹೆಚ್ಚು ಬದಲಾದರೆ ಅಣುವಿನ ಚಲನೆ ಅಥವಾ ವಿನಿಮಯ ಕಾರಣವಾಗಿರಬಹುದು. ಅದರ ವಿವರ ಮುಂದೆ ಇದೆ.

ದೊಡ್ಡ ಪೀಕಿನ ಎರಡೂ ಪಕ್ಕದಲ್ಲಿ ಪುಟ್ಟ ಪೀಕ್‌ಗಳ ಜೋಡಿ ನಿಂತಿದೆ. ಅಶುದ್ಧಿಯೇ?

ಅಶುದ್ಧಿಗೆ ಹೀಗೆ ಸಮ ದೂರದಲ್ಲಿ, ಸಮ ಎತ್ತರದಲ್ಲಿ ನಿಲ್ಲುವ ಕಾರಣವಿಲ್ಲ. ಸಾಮಾನ್ಯವಾಗಿ ಇದು ಎರಡರಲ್ಲಿ ಒಂದು. ಮೊದಲನೆಯದು ಕಾರ್ಬನ್-13 ಸ್ಯಾಟಲೈಟ್. ನಿಸರ್ಗದಲ್ಲಿ ಸುಮಾರು ಶೇ. 1.1ರಷ್ಟು ಕಾರ್ಬನ್ 13ರ ತೂಕದ್ದಾಗಿರುವುದರಿಂದ, ಅದಕ್ಕೆ ಅಂಟಿದ ಪ್ರೋಟಾನ್ ಒಂದು ಬಂಧದ ಕಪ್ಲಿಂಗ್‌ನಿಂದ ಎರಡಾಗಿ ಸೀಳುತ್ತದೆ. ಒಂದೊಂದೂ ಮುಖ್ಯ ಪೀಕಿನ ಸುಮಾರು ಶೇ. 0.55 ಇರುತ್ತದೆ. ಕ್ಲೋರೋಫಾರ್ಮಿನಲ್ಲಿ ಈ ಕಪ್ಲಿಂಗ್ ಸುಮಾರು 209 ಹರ್ಟ್ಸ್. ಆದ್ದರಿಂದ 400 ಮೆಗಾಹರ್ಟ್ಸ್ ಉಪಕರಣದಲ್ಲಿ 7.26ರ ಇಬ್ಬದಿಯಲ್ಲಿ 0.26 ಪಿಪಿಎಂ ದೂರದಲ್ಲಿ, 7.00 ಮತ್ತು 7.52ರಲ್ಲಿ, ಅವುಗಳನ್ನು ಕಾಣಬಹುದು. ಎರಡನೆಯದು ಸ್ಪಿನ್ನಿಂಗ್ ಸೈಡ್‌ಬ್ಯಾಂಡ್. ಟ್ಯೂಬ್ ಸೆಕೆಂಡಿಗೆ 20 ಸುತ್ತು ತಿರುಗುತ್ತಿದ್ದರೆ ಇವು 20 ಹರ್ಟ್ಸ್ ದೂರದಲ್ಲಿ ಬರುತ್ತವೆ. ತಿರುಗುವಿಕೆಯನ್ನು ನಿಲ್ಲಿಸಿ ಮತ್ತೆ ಅಳೆಯಿರಿ: ಸೈಡ್‌ಬ್ಯಾಂಡ್ ಅಳಿಯುತ್ತದೆ, ಸ್ಯಾಟಲೈಟ್ ಅಲ್ಲಾಡುವುದಿಲ್ಲ. ಸೈಡ್‌ಬ್ಯಾಂಡ್ ದೊಡ್ಡದಾಗಿದ್ದರೆ ಎಕ್ಸ್ ಮತ್ತು ವೈ ಶಿಮ್‌ಗಳನ್ನು ಸರಿಪಡಿಸಬೇಕು.

ಪೀಕಿನ ಬುಡದಲ್ಲಿ ಅಲೆಗಳಂತೆ ಏರಿಳಿತ ಬರುತ್ತಿದೆ. ಹಾಗೆಯೇ ತಳಗೆರೆಯೂ ಡೊಂಕಾಗಿದೆ.

ರೋಹಿತವನ್ನು ಮುಚ್ಚಿ, ಎಫ್‌ಐಡಿಯನ್ನು (ರೋಹಿತಕ್ಕೆ ಮೂಲವಾದ, ಕಾಲದೊಂದಿಗೆ ಕುಗ್ಗುವ ಸಂಕೇತ) ತೆರೆದು ನೋಡಿ. ಉತ್ತರ ಅಲ್ಲಿದೆ. ಅದರ ಕೊನೆಯು ಶೂನ್ಯಕ್ಕೆ ಇಳಿಯುವ ಮೊದಲೇ ಕತ್ತರಿಸಿದಂತಿದ್ದರೆ ಸಂಗ್ರಹಣೆಯ ಅವಧಿ ಸಾಕಾಗಿಲ್ಲ, ಬುಡದ ಅಲೆಗಳು ಅದರ ಫಲ. ಅವಧಿಯನ್ನು ಹೆಚ್ಚಿಸಿ, ಇಲ್ಲವೇ ವಿಂಡೋ ಫಂಕ್ಷನ್ ಹಾಕಿ ಬಾಲವನ್ನು ಮೆಲ್ಲಗೆ ಇಳಿಸಿ. ಇದೇ ಕಾರಣಕ್ಕೆ 0.5 ಸೆಕೆಂಡಿನ ಸಂಗ್ರಹಣೆಯಲ್ಲಿ ಸುಮಾರು 2 ಹರ್ಟ್ಸ್‌ಗಿಂತ ಹತ್ತಿರದ ಗೆರೆಗಳು ಬೇರೆಯಾಗುವುದಿಲ್ಲ. ಮೆಟಾ ಕಪ್ಲಿಂಗ್ ಕಾಣುತ್ತಿಲ್ಲವೆಂದು ಚಿಂತಿಸುವವರು ಇದನ್ನು ನೋಡಿಕೊಳ್ಳಬೇಕು. ಎಫ್‌ಐಡಿಯ ಆರಂಭದ ತುದಿಗಳು ಮೇಲೂ ಕೆಳಗೂ ಚಪ್ಪಟೆಯಾಗಿದ್ದರೆ ರಿಸೀವರ್ ಗೇನ್ ಮಿತಿ ಮೀರಿದೆ. ಹೀಗೆ ಕತ್ತರಿಸಿಹೋದ ದತ್ತಾಂಶವನ್ನು ಯಾವ ಸಂಸ್ಕರಣೆಯೂ ಸರಿಪಡಿಸಲಾರದು. ಗೇನ್ ಇಳಿಸಿ ಮತ್ತೆ ಅಳೆಯಬೇಕು.

## ಎಣಿಕೆ ಹೊಂದದಿದ್ದಾಗ

ಇಂಟಿಗ್ರಲ್ ಲೆಕ್ಕ ಕೂಡುತ್ತಿಲ್ಲ. ಒಂದು ಪ್ರೋಟಾನ್ ಮುಕ್ಕಾಲಾಗಿ ಬರುತ್ತಿದೆ. ಹೀಗೂ ಆಗುತ್ತದೆಯೇ?

ಆಗುತ್ತದೆ, ಮತ್ತು ಎಷ್ಟು ಕಡಿಮೆ ಬರಬೇಕೆಂಬುದನ್ನು ಲೆಕ್ಕ ಹಾಕಿ ಹೇಳಲೂಬಹುದು. 90 ಡಿಗ್ರಿ ಪಲ್ಸ್ ಬಳಸಿ, ನಾಲ್ಕು ಸೆಕೆಂಡಿಗೊಮ್ಮೆ ಸ್ಕ್ಯಾನ್ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಟಿ1 (ಪಲ್ಸ್ ಬಳಿಕ ಚೇತರಿಸಿಕೊಳ್ಳುವ ಕಾಲಮಾನ) ಒಂದು ಸೆಕೆಂಡ್ ಇರುವ ಪ್ರೋಟಾನ್ ಅಷ್ಟರಲ್ಲಿ ಶೇ. 98ರಷ್ಟು ಚೇತರಿಸಿಕೊಂಡಿರುತ್ತದೆ, ಟಿ1 ಮೂರು ಸೆಕೆಂಡ್ ಇರುವ ಪ್ರೋಟಾನ್ ಶೇ. 74ರಷ್ಟು ಮಾತ್ರ. ಎರಡನ್ನೂ ಹೋಲಿಸಿದರೆ ನಿಮಗೆ ಕಂಡ ಮುಕ್ಕಾಲು ಸಿಗುತ್ತದೆ. ನೆರೆಯಲ್ಲಿ ಬೇರೆ ಪ್ರೋಟಾನುಗಳಿಲ್ಲದ ಅರೋಮ್ಯಾಟಿಕ್ ಪ್ರೋಟಾನುಗಳು ಇಂಥ ನಿಧಾನದವು.

ನಿಖರ ಪ್ರಮಾಣ ಬೇಕಿದ್ದರೆ ಅತ್ಯಂತ ನಿಧಾನದ ಪ್ರೋಟಾನಿನ ಟಿ1ರ ಐದು ಪಟ್ಟು ಕಾಯಿರಿ. ಆಗ ಚೇತರಿಕೆ ಶೇ. 99 ದಾಟುತ್ತದೆ. ಟಿ1 ಎಷ್ಟೆಂದು ಅಂದಾಜಿಸಲು ಇನ್ವರ್ಷನ್ ರಿಕವರಿ ಪ್ರಯೋಗ ಸಾಕು: ಪೀಕ್ ತಲೆಕೆಳಗಿನಿಂದ ಮೇಲಕ್ಕೆ ತಿರುಗುವ ನಡುವೆ ಶೂನ್ಯವಾಗುವ ಕ್ಷಣವನ್ನು 0.69ರಿಂದ ಭಾಗಿಸಿದರೆ ಟಿ1 ದೊರೆಯುತ್ತದೆ. ಫೇಸ್ ಮತ್ತು ತಳಗೆರೆ ಸರಿಪಡಿಸದೆ ಇಂಟಿಗ್ರಲ್ ತೆಗೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಇಂಟಿಗ್ರಲ್ ಗೆರೆ ಪೀಕಿನ ಆಚೆಗೂ ಈಚೆಗೂ ಸಮತಟ್ಟಾಗಿದೆಯೇ ಎಂದು ಕಣ್ಣಿನಿಂದಲೇ ನೋಡಿ.

ಕಾರ್ಬನ್ ರೋಹಿತದಲ್ಲಿ ಒಂದೆರಡು ಕಾರ್ಬನ್‌ಗಳು ಬಂದೇ ಇಲ್ಲ. ರಾತ್ರಿಯಿಡೀ ಅಳೆದರೂ ಇಲ್ಲ.

ಮೊದಲು, ಯಾವುದು ಇಲ್ಲ ಎಂಬುದನ್ನು ಗಮನಿಸಿ. ಪ್ರೋಟಾನ್ ಅಂಟದ ಕಾರ್ಬನ್‌ಗಳಿಗೆ ಎರಡು ಕಡೆಯಿಂದ ನಷ್ಟವಿದೆ: ಅವುಗಳ ಟಿ1 ಹತ್ತಾರು ಸೆಕೆಂಡ್ ಇರಬಹುದು, ಜೊತೆಗೆ ಡಿಕಪ್ಲಿಂಗ್ ಮಾಡುವಾಗ (ಪ್ರೋಟಾನುಗಳಿಂದಾಗುವ ಸೀಳುವಿಕೆ ತೆಗೆಯುವಾಗ) ಹತ್ತಿರದ ಪ್ರೋಟಾನುಗಳಿಂದ ಉಳಿದ ಕಾರ್ಬನ್‌ಗಳಿಗೆ ಸಿಗುವ ಎನ್‌ಒಇ ವರ್ಧನೆ, ಅಂದರೆ ಗರಿಷ್ಠ ಸುಮಾರು ಮೂರು ಪಟ್ಟು, ಇವುಗಳಿಗೆ ಅಷ್ಟಾಗಿ ದೊರೆಯುವುದಿಲ್ಲ. ಪಲ್ಸ್ ಕೋನವನ್ನು 30 ಡಿಗ್ರಿಗೆ ಇಳಿಸಿ ಕಾಯುವ ಅವಧಿಯನ್ನು ಹೆಚ್ಚಿಸಿ. ಸ್ಕ್ಯಾನ್ ನಾಲ್ಕು ಪಟ್ಟಾದರೆ ಸಂಕೇತ ಮತ್ತು ಗದ್ದಲದ ಅನುಪಾತ ಎರಡು ಪಟ್ಟು ಮಾತ್ರ ಆಗುವುದರಿಂದ, ಸ್ಯಾಂಪಲ್ ಉಳಿದಿದ್ದರೆ ದ್ರಾವಣವನ್ನೇ ಗಟ್ಟಿಯಾಗಿಸುವುದು ಲಾಭದಾಯಕ.

ಎಷ್ಟು ಕಾದರೂ ಬಾರದ ಕಾರ್ಬನ್‌ಗಳೂ ಇವೆ. ಬೊರಾನಿಕ್ ಆಮ್ಲದಲ್ಲಿ ಬೋರಾನಿಗೆ ನೇರವಾಗಿ ಅಂಟಿದ ಕಾರ್ಬನ್, ಬೋರಾನಿನ ಕ್ವಾಡ್ರುಪೋಲ್ ಪ್ರಭಾವದಿಂದ ಹರಡಿ ಬಹುಪಾಲು ಕಾಣುವುದೇ ಇಲ್ಲ. 77 ಪಿಪಿಎಂ ಬಳಿ ಬರಬೇಕಾದ ಕಾರ್ಬನ್ ಕ್ಲೋರೋಫಾರ್ಮಿನ ಮೂರು ಗೆರೆಗಳ ಅಡಿಯಲ್ಲಿ ಅಡಗಿರಬಹುದು; ದ್ರಾವಕ ಬದಲಿಸಿದರೆ ಹೊರಬರುತ್ತದೆ. ಕೀಟೋನಿನ ಪಕ್ಕದ ಸಿಎಚ್ ಮೆಥನಾಲ್-ಡಿ4ನಲ್ಲಿ ನಿಧಾನವಾಗಿ ಡ್ಯೂಟೀರಿಯಂ ಪಡೆದುಕೊಂಡರೆ, ಪ್ರೋಟಾನ್ ರೋಹಿತದಿಂದ ಅದು ಮರೆಯಾಗುವುದಲ್ಲದೆ ಕಾರ್ಬನ್ ಕೂಡ ಸೀಳಿ ಕುಗ್ಗುತ್ತದೆ. ಡಿಇಪಿಟಿ ಮಾತ್ರ ತೆಗೆದು ಕಾರ್ಬನ್ ಇಲ್ಲವೆನ್ನುವವರೂ ಇದ್ದಾರೆ. ಪ್ರೋಟಾನ್ ಇಲ್ಲದ ಕಾರ್ಬನ್‌ಗಳನ್ನು ಆ ಪ್ರಯೋಗ ತೋರಿಸುವುದೇ ಇಲ್ಲ.

ನನಗೆ ಸಮಸ್ಯೆ ತಿರುಗುಮುರುಗು. ಕಾರ್ಬನ್‌ಗಳು ಲೆಕ್ಕಕ್ಕಿಂತ ಹೆಚ್ಚಿವೆ.

ಅಣುವಿನಲ್ಲಿ ಫ್ಲೋರೀನ್ ಅಥವಾ ಫಾಸ್ಫರಸ್ ಇದೆಯೇ? ಎರಡೂ ನೂರಕ್ಕೆ ನೂರು ಸ್ಪಿನ್ ಅರ್ಧದ ನ್ಯೂಕ್ಲಿಯಸ್‌ಗಳು. ಪ್ರೋಟಾನ್ ಡಿಕಪ್ಲಿಂಗ್ ಅವುಗಳ ಸೀಳುವಿಕೆಯನ್ನು ತೆಗೆಯುವುದಿಲ್ಲ. ಟ್ರೈಫ್ಲೋರೋಮೀಥೈಲ್ ಕಾರ್ಬನ್ ಸುಮಾರು 270 ಹರ್ಟ್ಸ್ ಅಂತರದ ಕ್ವಾರ್ಟೆಟ್ ಆಗಿ ಬರುತ್ತದೆ, ಅದರ ಪಕ್ಕದ ಕಾರ್ಬನ್ 30 ಹರ್ಟ್ಸ್ ಆಸುಪಾಸಿನ ಕ್ವಾರ್ಟೆಟ್ ಆಗಿರುತ್ತದೆ. ಬೇರೆ ಕ್ಷೇತ್ರಬಲದ ಉಪಕರಣದಲ್ಲಿ ಅಳೆದಾಗ ಗೆರೆಗಳ ಅಂತರ ಹರ್ಟ್ಸ್‌ನಲ್ಲಿ ಬದಲಾಗದಿದ್ದರೆ ಅದು ಕಪ್ಲಿಂಗ್. ಪಿಪಿಎಂನಲ್ಲಿ ಬದಲಾಗದಿದ್ದರೆ ಅವು ಬೇರೆ ಬೇರೆ ಕಾರ್ಬನ್‌ಗಳು.

## ಅಣುವಿನ ನಡವಳಿಕೆ

ಪ್ರತಿ ಪೀಕೂ ಜೋಡಿಯಾಗಿ ಬಂದಿದೆ. ಟಿಎಲ್‌ಸಿಯಲ್ಲಿ (ಮಿಶ್ರಣ ಬೇರ್ಪಡಿಸುವ ತೆಳುಪದರ ಪರೀಕ್ಷೆ) ಒಂದೇ ಚುಕ್ಕೆ. ಮಿಶ್ರಣವೋ, ರೋಟಮರೋ?

ಅಮೈಡ್ ಅಥವಾ ಕಾರ್ಬಮೇಟ್ ಇದ್ದರೆ ನಾನು ಮೊದಲು ರೋಟಮರ್‌ನತ್ತ, ಅಂದರೆ ಬಂಧದ ತಿರುವಿನಲ್ಲಿ ಮಾತ್ರ ಭಿನ್ನವಾದ ಒಂದೇ ಅಣುವಿನ ರೂಪಗಳತ್ತ, ನೋಡುತ್ತೇನೆ. ಆ ಕಾರ್ಬನ್-ಸಾರಜನಕ ಬಂಧಕ್ಕೆ ಅರ್ಧ ದ್ವಿಬಂಧದ ಗುಣವಿರುವುದರಿಂದ ಕೊಠಡಿಯ ಉಷ್ಣತೆಯಲ್ಲಿ ಅದರ ತಿರುಗಾಟ ನಿಧಾನ. ಡೈಮೀಥೈಲ್‌ಫಾರ್ಮಮೈಡ್‌ನ ಎರಡು ಮೀಥೈಲ್‌ಗಳು 2.88 ಮತ್ತು 2.96ರಲ್ಲಿ ಬೇರೆಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ.

ಖಚಿತಪಡಿಸಿಕೊಳ್ಳಲು ಸ್ಯಾಂಪಲ್ಲನ್ನು ಡಿಎಂಎಸ್‌ಒದಲ್ಲಿ ಕರಗಿಸಿ 25ರಿಂದ 80 ಅಥವಾ 100 ಡಿಗ್ರಿವರೆಗೆ ಹಂತಹಂತವಾಗಿ ಬಿಸಿಮಾಡಿ. ರೋಟಮರ್ ಆಗಿದ್ದರೆ ಮೊದಲು ಎರಡೂ ಪೀಕ್‌ಗಳ ಬುಡ ಅಗಲವಾಗುತ್ತದೆ, ನಡುವಿನ ಕಣಿವೆ ತುಂಬುತ್ತದೆ, ಒಂದು ಹಂತದಲ್ಲಿ ಎರಡೂ ಸೇರಿ ತಗ್ಗಾದ ದಿಬ್ಬದಂತಾಗುತ್ತವೆ, ಇನ್ನೂ ಬಿಸಿಯಾದಾಗ ಆ ದಿಬ್ಬ ಒಂದೇ ಚೂಪು ಗೆರೆಯಾಗಿ ಏಳುತ್ತದೆ. ತಣಿಸಿದಾಗ ಮತ್ತೆ ಎರಡಾಗಬೇಕು. ಆಗದಿದ್ದರೆ ನೀವು ಕಂಡದ್ದು ವಿನಿಮಯವಲ್ಲ, ಸಂಯುಕ್ತದ ವಿಘಟನೆ. ಎರಡೂ ಸಮಪ್ರಮಾಣದಲ್ಲಿದ್ದು ಕಪ್ಲಿಂಗ್ ಇಲ್ಲದಿದ್ದರೆ, ಸೇರುವ ಬಿಂದುವಿನಲ್ಲಿ ವಿನಿಮಯದ ದರವು ಹರ್ಟ್ಸ್‌ನಲ್ಲಿನ ಅಂತರದ 2.22 ಪಟ್ಟು ಇರುತ್ತದೆ. ಅಂತರ 40 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಸುಮಾರು 89 ಬಾರಿ ಎಂದಾಯಿತು. ಹೆಚ್ಚು ಬಲದ ಕ್ಷೇತ್ರದಲ್ಲಿ ಹರ್ಟ್ಸ್ ಅಂತರ ಹಿಗ್ಗುವುದರಿಂದ ಪೀಕ್‌ಗಳು ಸೇರಲು ಇನ್ನೂ ಹೆಚ್ಚಿನ ಉಷ್ಣತೆ ಬೇಕಾಗುತ್ತದೆ.

ಬಿಸಿಮಾಡಲಾಗದ ಸಂಯುಕ್ತಕ್ಕೆ ನೋಸಿ (ಹತ್ತಿರದ ಅಥವಾ ವಿನಿಮಯವಾಗುವ ಪ್ರೋಟಾನುಗಳನ್ನು ಜೋಡಿಸಿ ತೋರಿಸುವ ಎರಡು ಆಯಾಮದ) ಪ್ರಯೋಗ ತೆಗೆಯಿರಿ. ವಿನಿಮಯವಾಗುವ ಜೋಡಿಗಳ ನಡುವೆ ಕರ್ಣದ ಚಿಹ್ನೆಯದೇ ಅಡ್ಡ ಪೀಕ್‌ಗಳು ಕಾಣುತ್ತವೆ. ಪ್ರತ್ಯೇಕವಾದ ಎರಡು ಸಂಯುಕ್ತಗಳ ನಡುವೆ ಅಂಥವು ಬರುವುದಿಲ್ಲ.

ಒಂದು ಸಿಎಚ್2 ಗುಂಪಿನ ಎರಡು ಪ್ರೋಟಾನುಗಳು ಬೇರೆ ಬೇರೆ ಕಡೆ ಬಂದಿವೆ. ಎನ್+1 ನಿಯಮ (ನೆರೆಯ ಎನ್ ಪ್ರೋಟಾನುಗಳು ಪೀಕನ್ನು ಎನ್+1 ಗೆರೆಗಳಾಗಿ ಸೀಳುತ್ತವೆ ಎಂಬುದು) ಸುಳ್ಳೇ?

ಸುಳ್ಳಲ್ಲ, ಅದು ಇಲ್ಲಿ ಅನ್ವಯಿಸುವುದಿಲ್ಲ. ಅಣುವಿನಲ್ಲಿ ಎಲ್ಲಿಯಾದರೂ ಕೈರಲ್ ಕೇಂದ್ರವಿದ್ದರೆ ಆ ಎರಡು ಪ್ರೋಟಾನುಗಳು ಡಯಾಸ್ಟಿರಿಯೊಟೋಪಿಕ್ ಆಗುತ್ತವೆ, ಅಂದರೆ ಅವುಗಳ ಪರಿಸರ ಒಂದೇ ಆಗಿರುವುದಿಲ್ಲ. ಬಂಧ ಎಷ್ಟು ಬೇಗ ತಿರುಗಿದರೂ ಈ ಭೇದ ಅಳಿಯದು. ಅವು ಪರಸ್ಪರ 10ರಿಂದ 15 ಹರ್ಟ್ಸ್‌ನಷ್ಟು ಸೀಳಿಕೊಂಡು, ಶಿಫ್ಟ್ ಹತ್ತಿರವಿದ್ದರೆ ಒಳಗಿನ ಗೆರೆಗಳು ಎತ್ತರವಾಗಿ ಛಾವಣಿಯಂತೆ ಓರೆಯಾಗುತ್ತವೆ.

## ಎರಡು ಆಯಾಮದ ಪ್ರಯೋಗಗಳು

ಎಚ್‌ಎಸ್‌ಕ್ಯೂಸಿಯಲ್ಲಿ (ಪ್ರೋಟಾನ್ ಯಾವ ಕಾರ್ಬನ್‌ಗೆ ನೇರವಾಗಿ ಅಂಟಿದೆ ಎಂದು ತೋರಿಸುವ ಪ್ರಯೋಗ) 9.8ರ ಪ್ರೋಟಾನ್ 30 ಪಿಪಿಎಂ ಕಾರ್ಬನ್‌ಗೆ ಅಂಟಿದೆ ಎಂದು ತೋರಿಸುತ್ತಿದೆ. ಹೇಗೆ ನಂಬಲಿ?

ನಂಬಬೇಡಿ. ಕಾರ್ಬನ್ ಕಿಟಕಿ 0ಯಿಂದ 160ರವರೆಗೆ ಇಟ್ಟಿದ್ದರೆ, 190ರಲ್ಲಿರುವ ಆಲ್ಡಿಹೈಡ್ ಕಾರ್ಬನ್ ಕಿಟಕಿಯ ಒಂದು ಅಂಚಿನಿಂದ ಹೊರಬಿದ್ದು ಇನ್ನೊಂದು ಅಂಚಿನಿಂದ ಸುತ್ತಿ ಬಂದು 30ರಲ್ಲಿ ಕೂರುತ್ತದೆ. ನೇರ (ಪ್ರೋಟಾನ್) ಆಯಾಮದಲ್ಲಿ ಡಿಜಿಟಲ್ ಫಿಲ್ಟರ್ ಇರುವುದರಿಂದ ಹೊರಗಿನ ಪೀಕ್ ಅಳಿದುಹೋಗುತ್ತದೆ; ಪರೋಕ್ಷ (ಕಾರ್ಬನ್) ಆಯಾಮದಲ್ಲಿ ಅಂಥ ರಕ್ಷಣೆಯಿಲ್ಲ. ಕಿಟಕಿಯನ್ನು 10 ಪಿಪಿಎಂ ಹಿಗ್ಗಿಸಿ ಮತ್ತೆ ತೆಗೆದರೆ ನಿಜವಾದ ಪೀಕ್‌ಗಳು ತಮ್ಮ ಜಾಗದಲ್ಲೇ ಇರುತ್ತವೆ, ಸುತ್ತಿ ಬಂದದ್ದು ಮಾತ್ರ ಸ್ಥಾನ ಬದಲಿಸುತ್ತದೆ.

ಎಚ್‌ಎಂಬಿಸಿಯಲ್ಲಿ (ಎರಡು-ಮೂರು ಬಂಧ ದೂರದ ಪ್ರೋಟಾನ್-ಕಾರ್ಬನ್ ಸಂಬಂಧ ತೋರಿಸುವ ಪ್ರಯೋಗ) ಯಾವ ಪ್ರೋಟಾನಿಗೂ ಹೊಂದದ ಜೋಡಿ ಚುಕ್ಕೆಗಳಿವೆ. ಬರಬೇಕಾದ ಚುಕ್ಕೆ ಇಲ್ಲ.

ಜೋಡಿ ಚುಕ್ಕೆಗಳ ನಡುಬಿಂದು ಯಾವುದಾದರೂ ಪ್ರೋಟಾನಿನ ಶಿಫ್ಟ್‌ಗೆ ಸರಿಹೊಂದುತ್ತದೆಯೇ, ಅವುಗಳ ಅಂತರ 125ರಿಂದ 170 ಹರ್ಟ್ಸ್ ಇದೆಯೇ ನೋಡಿ. ಹೌದಾದರೆ ಅದು ಸೋರಿಕೊಂಡು ಬಂದ ಒಂದು ಬಂಧದ ಸಂಬಂಧ. ಎಚ್‌ಎಸ್‌ಕ್ಯೂಸಿಯನ್ನು ಮೇಲೆ ಹೊದಿಸಿದರೆ ಅದರ ಚುಕ್ಕೆ ಸರಿಯಾಗಿ ನಡುವೆ ಬೀಳುತ್ತದೆ. ಇನ್ನು ಬಾರದ ಚುಕ್ಕೆಯ ವಿಷಯ: ಪ್ರಯೋಗವನ್ನು ಸಾಮಾನ್ಯವಾಗಿ 8 ಹರ್ಟ್ಸ್‌ಗೆ ಹೊಂದಿಸಿರುತ್ತಾರೆ. ಮೂರು ಬಂಧದ ದೂರದಲ್ಲಿದ್ದರೂ ಡೈಹೆಡ್ರಲ್ ಕೋನ 90 ಡಿಗ್ರಿಯ ಬಳಿ ಇದ್ದರೆ ಕಪ್ಲಿಂಗ್ ಶೂನ್ಯಕ್ಕೆ ಇಳಿಯುತ್ತದೆ. ಚುಕ್ಕೆ ಬಂದಿಲ್ಲವೆಂಬುದನ್ನು ರಚನೆಯ ವಿರುದ್ಧದ ಸಾಕ್ಷಿಯಾಗಿ ಬಳಸಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಎರಡು ಪ್ರೋಟಾನುಗಳು ಹತ್ತಿರವೇ ಇರಬೇಕು, ಆದರೆ ನೋಸಿಯಲ್ಲಿ ಏನೂ ಇಲ್ಲ.

ಅಣುವಿನ ತೂಕ 1000 ಡಾಲ್ಟನ್ ಆಸುಪಾಸಿನಲ್ಲಿದೆಯೇ? ಎನ್‌ಒಇಯ ಚಿಹ್ನೆ ಸಣ್ಣ ಅಣುಗಳಲ್ಲಿ ಒಂದು ಬಗೆ, ದೊಡ್ಡ ಅಣುಗಳಲ್ಲಿ ಅದರ ವಿರುದ್ಧ. ನಡುವೆ ಅದು ಶೂನ್ಯವನ್ನು ಹಾಯುತ್ತದೆ. ಸಾಮಾನ್ಯ ದ್ರಾವಕಗಳಲ್ಲಿ, ಈಗ ಬಳಕೆಯಲ್ಲಿರುವ ಕ್ಷೇತ್ರಬಲಗಳಲ್ಲಿ, ಆ ಶೂನ್ಯ ಇದೇ ತೂಕದ ಬಳಿ ಬೀಳುತ್ತದೆ. ನೋಸಿಯನ್ನೇ ಹೋಲುವ ರೋಸಿ ಪ್ರಯೋಗದಲ್ಲಿ ಚಿಹ್ನೆ ಬದಲಾಗುವುದಿಲ್ಲವಾದ್ದರಿಂದ ಅದನ್ನು ತೆಗೆಯಿರಿ.

ಎಲ್ಲವನ್ನೂ ಪರೀಕ್ಷಿಸಿದರೂ ಒಂದು ಪೀಕ್ ವಿವರಣೆಗೆ ಸಿಗುತ್ತಿಲ್ಲ. ರೋಹಿತದಿಂದ ತೆಗೆದುಬಿಡಬಹುದೇ?

ಖಂಡಿತ ಕೂಡದು. ಅದರ ಶಿಫ್ಟ್, ಸೀಳುವಿಕೆ ಮತ್ತು ಉಳಿದ ಪೀಕ್‌ಗಳಿಗೆ ಹೋಲಿಸಿದ ಇಂಟಿಗ್ರಲ್ ಬರೆದಿಡಿ. ದ್ರಾವಕ, ಸಾಂದ್ರತೆ, ಉಷ್ಣತೆ, ಕ್ಷೇತ್ರಬಲ, ಕಾಯುವ ಅವಧಿ ಇವನ್ನೂ ಅದರ ಜೊತೆಗೇ ದಾಖಲಿಸಿ. ಸಂಸ್ಕರಿಸಿದ ಚಿತ್ರವನ್ನಷ್ಟೇ ಅಲ್ಲ, ಮೂಲ ಎಫ್‌ಐಡಿಯನ್ನೂ ಉಳಿಸಿಡಿ: ಆರು ತಿಂಗಳ ನಂತರ ಅದೇ ಪೀಕ್ ಇನ್ನೊಂದು ಬ್ಯಾಚಿನಲ್ಲಿ ಕಂಡರೆ, ಎರಡನ್ನೂ ಒಂದೇ ರೀತಿ ಸಂಸ್ಕರಿಸಿ ಒಂದರ ಮೇಲೊಂದಿಟ್ಟು ನೋಡಲು ಅದೊಂದೇ ದಾರಿ.